ನಾಲ್ಕನೇ ಪ್ರೆಸ್ ಯಾಕೆ ಸೀನುತ್ತದೆ

ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಮನುಷ್ಯ ಏನೋ ಮುಚ್ಚಿಟ್ಟ ಅನ್ನಬೇಡಿ. ತಿಳಿದುಕೊಳ್ಳಬೇಕು ಅಂತ ಕೇಳುವವರು ಎಲ್ಲಿದ್ದಾರೆ? ಒಬ್ಬ ಕೆಲಸ ತಪ್ಪಿಸಿಕೊಳ್ಳಲು ಕೇಳುತ್ತಾನೆ, ಇನ್ನೊಬ್ಬ ನನಗೆಷ್ಟು ಗೊತ್ತು ಅಂತ ಅಳೆಯಲು ಕೇಳುತ್ತಾನೆ. ತಮಾಷೆಯೇನೆಂದರೆ, ನನಗೆ ಸಂಬಳ ಕೊಡುತ್ತಿರುವುದೇ ಪ್ರಶ್ನೆ ಕೇಳಲಿಕ್ಕೆ.

ನಾನು ಪಂಚಾಕ್ಷರಿ, ದಾವಣಗೆರೆಯವನು. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಬೈಕಿಗೆ ಬೇಕಾಗುವ ಸಣ್ಣ ಸಣ್ಣ ತಗಡಿನ ಬಿಡಿಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ ಜಾಗ ಅದು. ಎಂಟು ಪ್ರೆಸ್, ಮೂವತ್ತು ಜನ, ಕಿವಿ ತುಂಬ ಸದ್ದು. ಮಾಲೀಕ ಭಾನುಪ್ರಕಾಶ್ ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಕೆಳಗೆ ನನ್ನದೇ ಮಾತು ನಡೆಯುತ್ತಿತ್ತು.

ನಮ್ಮ ಲೈನಿನಲ್ಲಿ ಒಂದು ಪದ್ಧತಿ ಇದೆ, ವೈ-ವೈ ಶೀಟ್ ಅಂತ. ಮಾಲು ಕೆಡಲಿ, ಮಿಷಿನ್ ಕೆಡಲಿ, ಮನುಷ್ಯನ ಮೈಗೆ ಏಟಾಗಲಿ, ಆ ಹಾಳೆ ತುಂಬಿ ಕಸ್ಟಮರ್ ಕಂಪನಿಗೆ ಕಳಿಸಬೇಕು. ಅದರಲ್ಲಿ ಐದು ಸಾಲು. ಯಾಕೆ ಹೀಗಾಯಿತು? ಅದಕ್ಕೊಂದು ಉತ್ತರ. ಆ ಉತ್ತರ ಯಾಕೆ? ಅದಕ್ಕೊಂದು ಉತ್ತರ. ಹೀಗೆ ಐದು ಸಲ ಕೇಳಿಕೊಂಡರೆ ತಪ್ಪಿನ ಬೇರು ಸಿಗುತ್ತದೆ ಅಂತ ಅದನ್ನು ಕಂಡುಹಿಡಿದ ಪುಣ್ಯಾತ್ಮರ ನಂಬಿಕೆ. ನಾವು ಆ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಿದ್ದೆವು. ಮೊದಲು ಐದನೇ ಸಾಲಿನಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಅಂತ ಬರೆಯುವುದು, ಆಮೇಲೆ ಅಲ್ಲಿಗೆ ಬಂದು ಸೇರುವ ಹಾಗೆ ನಾಲ್ಕು, ಮೂರು, ಎರಡು, ಒಂದು. ಕೆಳಗೆ ಆಪರೇಟರ್ ಸಹಿ. ಹತ್ತು ನಿಮಿಷದ ಕೆಲಸ. ಪೀಣ್ಯದಲ್ಲಿ ನನ್ನಷ್ಟು ಚೊಕ್ಕವಾಗಿ ಆ ಶೀಟ್ ಬರೆಯುವವರು ಇನ್ನೊಬ್ಬರಿರಲಿಲ್ಲ. ಬೇರೆ ಕಾರ್ಖಾನೆಯವರು ನನ್ನ ಹಳೇ ಶೀಟುಗಳನ್ನು ಇಸಿದುಕೊಂಡು ಹೋಗಿ ಹೆಸರು ಬದಲಾಯಿಸಿ ಬಳಸುತ್ತಿದ್ದರು.

ಇಂಥ ನನ್ನ ಕಾಲ ಬುಡಕ್ಕೆ ಬಂದು ಬಿದ್ದವಳು ಗೌರಮ್ಮ. ಮಾಗಡಿ ಕಡೆಯ ಹೆಂಗಸು, ನಲವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ. ಅಂದ್ರಹಳ್ಳಿಯಲ್ಲಿ ಒಂದು ಬಾಡಿಗೆ ಮನೆ, ಪಿಯುಸಿ ಓದುತ್ತಿದ್ದ ಮಗಳು ಜ್ಯೋತಿಲಕ್ಷ್ಮಿ. ಓದು ಅಂತ ಇರಲಿಲ್ಲ. ಸಹಿ ಹಾಕುವುದನ್ನು ಮಗಳ ಹತ್ತಿರ ಕಲಿತು, ಹಾಜರಿ ಪುಸ್ತಕದಲ್ಲಿ ಮೂರು ಅಕ್ಷರವನ್ನು ಅರ್ಧ ನಿಮಿಷ ತೆಗೆದುಕೊಂಡು ಬರೆಯುತ್ತಿದ್ದಳು. ಹಿಂದೆ ನಿಂತವರು ಬೈಯುತ್ತಿದ್ದರು. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಬಾಯಿ ತೆಗೆದರೆ ಪ್ರಶ್ನೆ. ‘ಸಾರ್, ಎಣ್ಣೆ ಮಧ್ಯಾನದ ಒತ್ಗೆ ಕಪ್ಪಗಾಗ್ತದಲ್ಲ, ಯಾಕೆ?’ ‘ಸಾರ್, ಒಂದೇ ತಗಡು, ಇವತ್ತಿಂದು ಬಗ್ತದೆ, ನೆನ್ನೇದು ಮುರೀತಿತ್ತು, ಯಾಕೆ?’ ಒಂದು ದಿನ ತಲೆ ಕೆಟ್ಟು ಎಲ್ಲರ ಮುಂದೆ ‘ಏನಮ್ಮ ಯಾಕಮ್ಮ’ ಅಂದೆ. ಅದೇ ಹೆಸರಾಯಿತು. ಮೂವತ್ತು ಜನವೂ ಯಾಕಮ್ಮ ಯಾಕಮ್ಮ ಅಂತ ಕರೆಯತೊಡಗಿದರು. ಅವಳಿಗೆ ಬೇಜಾರಾಗಲಿ ಅಂತಲೇ ಇಟ್ಟ ಹೆಸರು. ಅವಳು ನಕ್ಕು ಓಗೊಡುತ್ತಿದ್ದಳು, ಅದಕ್ಕೆ ಇನ್ನೂ ಸಿಟ್ಟು ಬರುತ್ತಿತ್ತು.

ಅವಳ ಪ್ರಶ್ನೆಗಳು ದಡ್ಡ ಪ್ರಶ್ನೆಗಳಾಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಒಂದು ಸಲ ಎರಡು ತಿಂಗಳಿಂದ ಮಾಲೆಲ್ಲ ಒಂದೇ ಅಂಚಿಗೆ ಸಿಬಿರು ಎದ್ದು ವಾಪಸ್ ಬರುತ್ತಿತ್ತು. ನಾನು ಎರಡು ಶೀಟ್ ಬರೆದು ಇಬ್ಬರು ಆಪರೇಟರುಗಳಿಗೆ ವಾರ್ನಿಂಗ್ ಕೊಟ್ಟಿದ್ದೆ. ಇವಳು ಬಂದು, ‘ಸಾರ್, ಎಡಗಡೆಗೇ ಯಾಕೆ ಬರ್ತದೆ? ಬಲಗಡೆ ಯಾಕಿಲ್ಲ? ಅಚ್ಚು ಒಂದ್ ಕಡೀಕೆ ವಾಲೈತೇನೋ’ ಅಂದಳು. ಅಳೆದು ನೋಡಿದರೆ ಹೌದು, ಒಂದು ಕೂದಲೆಳೆಯಷ್ಟು ವಾಲಿತ್ತು. ನಾನು ಅದನ್ನು ನನ್ನ ಹೆಸರಿನಲ್ಲಿ ಬರೆದು ಕಳಿಸಿದೆ. ಕಸ್ಟಮರ್ ಕಂಪನಿಯವರು ಸರ್ಟಿಫಿಕೇಟ್ ಕೊಟ್ಟರು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಗೌರಮ್ಮ ಅದರ ಕೆಳಗೆ ನಿಂತು, ‘ಏನಂತ ಬರ್ದವ್ರೆ ಸಾರ್?’ ಅಂತ ಕೇಳಿದಳು. ‘ನಿನಗ್ಯಾಕೆ, ಹೋಗು’ ಅಂದೆ.

ಇನ್ನೊಬ್ಬರ ವಿಷಯ ಹೇಳಬೇಕು, ಶ್ಯಾಮಣ್ಣ. ಕಾರ್ಖಾನೆ ನಿಂತಿರುವ ಜಾಗ ಅವರಪ್ಪನ ರಾಗಿ ಹೊಲವಾಗಿತ್ತು. ಭಾನುಪ್ರಕಾಶರ ತಂದೆ ಅದನ್ನು ಕೊಳ್ಳುವಾಗ, ಬದುಕಿರುವವರೆಗೆ ಕೆಲಸ ಅಂತ ಮಾತು ಕೊಟ್ಟಿದ್ದರಂತೆ. ಪ್ರೆಸ್ಸುಗಳಿಗೆ ಗಾಳಿ ಒದಗಿಸುವ ದೊಡ್ಡ ಕಂಪ್ರೆಸರ್ ಹಿಂದಿನ ಶೆಡ್ಡಿನಲ್ಲಿತ್ತು. ಅದರ ಪಕ್ಕದಲ್ಲಿ ಒಂದು ಮುರುಕು ಕುರ್ಚಿ ಹಾಕಿಕೊಂಡು ಶ್ಯಾಮಣ್ಣ ಕೂತಿರುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಭಾನುಪ್ರಕಾಶ್ ಜನ ಕಡಿಮೆ ಮಾಡಬೇಕು, ಯಾರು ಬೇಡವೋ ಪಟ್ಟಿ ಮಾಡಿ ಅಂದರು. ನಾನು ಸ್ಟಾಪ್‌ವಾಚ್ ಹಿಡಿದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಶ್ಯಾಮಣ್ಣನ ಎದುರು ನಿಂತೆ. ಆ ಮೂರು ಗಂಟೆಯಲ್ಲಿ ಅವರು ಎರಡು ಬೀಡಿ ಸೇದಿ, ಒಂದು ಸಲ ಎದ್ದು ಹೋಗಿ ಬಂದರು, ಅಷ್ಟೇ.

‘ಏನ್ ಕೆಲಸ ಶ್ಯಾಮಣ್ಣ ನಿಮ್ದು?’ ಅಂತ ಕೇಳಿದೆ.

‘ಕಂಪ್ರೆಸರ್ ನೋಡ್ಕಂತೀನಿ ಸಾ.’

ನೋಡಿಕೊಳ್ಳುವುದು ಅಂದರೇನು ಅಂತ ನಾನು ಕೇಳಲಿಲ್ಲ. ಐದು ಯಾಕೆಗಳ ಮನುಷ್ಯ ನಾನು, ಎರಡನೆಯದನ್ನು ಕೇಳಲಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಬರೆದೆ. ಕೊನೆಯ ದಿನ ಶಾಲು ಹೊದಿಸಿ ಗೇಟಿನವರೆಗೆ ಬಿಡಲು ಹೋದಾಗ, ‘ಸಾ, ಆ ಟ್ಯಾಂಕಿಂದು ಒಂದ್ ಮಾತು’ ಅಂತ ಶುರು ಮಾಡಿದರು. ‘ಆಯ್ತು ಶ್ಯಾಮಣ್ಣ, ಅದೆಲ್ಲ ನೋಡ್ಕೋತಾರೆ, ನೀವು ಆರಾಮಾಗಿರಿ’ ಅಂತ ಬೆನ್ನು ತಟ್ಟಿ ಕಳಿಸಿದೆ. ಮನೆಗೆ ಹೋಗಿ ಒಂದು ತಿಂಗಳಿಗೇ ಅವರು ತೀರಿಕೊಂಡರು.

ಆ ಮಾತು ಏನು ಅಂತ ನನಗೆ ಆಮೇಲೆ ಗೊತ್ತಾಯಿತು, ನಿಮಗೆ ಈಗಲೇ ಹೇಳುತ್ತೇನೆ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ತಳದಲ್ಲೊಂದು ನಲ್ಲಿ ಇದೆ. ದಿನಾ ಬೆಳಗ್ಗೆ ಅದನ್ನು ತಿರುಗಿಸಿ ಆ ನೀರು ಬಿಡಬೇಕು. ಶ್ಯಾಮಣ್ಣ ಇಪ್ಪತ್ತೆರಡು ವರ್ಷ ಬೆಳಗ್ಗೆ ಏಳೂವರೆಗೆ ಬಂದು ಅದನ್ನು ಮಾಡುತ್ತಿದ್ದರು. ನಾನು ಆಫೀಸಿಗೆ ಬರುತ್ತಿದ್ದುದು ಒಂಬತ್ತೂವರೆಗೆ. ನೀರು ಬಿಡದಿದ್ದರೆ ಅದು ಪೈಪಿನಲ್ಲಿ ಹರಿದು, ತುಕ್ಕು ಹಿಡಿಸಿ, ಪ್ರೆಸ್ಸಿನ ವಾಲ್ವಿಗೆ ಹೋಗಿ ಕೂರುತ್ತದೆ. ವಾಲ್ವ್ ಅಂಟಿಕೊಂಡರೆ ಪ್ರೆಸ್ಸು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಎರಡು ಕೈಯಿಂದ ಎರಡು ಹಸಿರು ಬಟನ್ ಒತ್ತಿದರೆ ಮಾತ್ರ ಕೆಳಗಿಳಿದು, ಒಂದೇ ಏಟು ಕೊಟ್ಟು, ಮೇಲೆ ಹೋಗಿ ನಿಲ್ಲಬೇಕಾದ ಮಿಷಿನ್, ಯಾರೂ ಮುಟ್ಟದೆ ಇನ್ನೊಂದು ಸಲ ಇಳಿಯುತ್ತದೆ.

ಜುಲೈನ ಒಂದು ಬೆಳಗ್ಗೆ, ಮಳೆ ಹಿಡಿದುಕೊಂಡಿತ್ತು, ಗೌರಮ್ಮ ನನ್ನ ಟೇಬಲ್ ಹತ್ತಿರ ಬಂದಳು.

‘ಸಾರ್, ನಾಕ್ನೇ ಮಿಷಿನ್ನು ಸೀನ್ತದೆ.’

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕು, ‘ಶುಂಠಿ ಕಷಾಯ ಕುಡ್ಸು’ ಅಂದೆ.

‘ಅಂಗಲ್ಲ ಸಾರ್. ಮೇಲಕ್ಕೋಗಿ ನಿಲ್ವಾಗ ಪುಸ್ ಅಂತ ಗಾಳಿ ಬುಡ್ತದಲ್ಲ, ಅದು ಒಂದೇ ಕಿತ ಬುಡಬೇಕು. ಈಗ ಬುಟ್ಟು ಬುಟ್ಟು ಬುಡ್ತದೆ. ಸೀನಿದ್ಮೇಲೆ ಒಂದ್ ಗಳಿಗೆ ನಿಲ್ಲಾಕೇ ಮನಸ್ಸಿಲ್ದಂಗೆ ಅಲ್ಲಾಡ್ತದೆ. ಯಾಕ್ಸಾರ್?’

ಕೆಲಸಕ್ಕೆ ಹೋಗು ಅಂತ ಕಳಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಅಂಗೈ ತೋರಿಸಿದಳು. ಆ ಗಾಳಿ ಬರುವ ಕಡೆ ಕೈ ಹಿಡಿದಿದ್ದಳಂತೆ, ಅಂಗೈ ತುಂಬ ಕೆಂಪು ನೀರಿನ ಹನಿ. ‘ಗಾಳಿ ಬರೋ ಕಡೆ ನೀರ್ಯಾಕ್ ಬರ್ತದೆ ಸಾರ್?’ ನಾನು ಅವಳ ಕೈ ನೋಡಲಿಲ್ಲ, ಗಡಿಯಾರ ನೋಡಿದೆ. ಎರಡು ನಿಮಿಷ ಅಂದರೆ ಹದಿಮೂರು ಪೀಸು ಹೋಯಿತು ಅಂತ ಬೈದೆ.

ಮೂರನೇ ಸಲ ಅವಳು ಬಾಯಲ್ಲಿ ಕೇಳಲಿಲ್ಲ. ಗೇಟಿನ ಹತ್ತಿರ ಸಲಹೆ ಪೆಟ್ಟಿಗೆ ಅಂತ ಒಂದು ಇಟ್ಟಿದ್ದೆವು, ಆಡಿಟಿಗೆ ತೋರಿಸಲು. ಐದು ವರ್ಷದಲ್ಲಿ ಅದಕ್ಕೆ ಬಿದ್ದಿದ್ದು ಬಸ್ ಟಿಕೆಟು, ಮಿಠಾಯಿ ಕಾಗದ. ಆ ಶನಿವಾರ ತೆಗೆದು ನೋಡಿದರೆ ಒಂದು ಚೀಟಿ. ನೋಟ್‌ಬುಕ್ಕಿನ ಹಾಳೆ, ಮಗಳ ದುಂಡು ಅಕ್ಷರ, ಮೇಲೆ ತಾರೀಕು: ‘ನಾಲ್ಕನೇ ಪ್ರೆಸ್ ಯಾಕೆ ಸೀನುತ್ತದೆ? ಶ್ಯಾಮಣ್ಣನವರು ಹೋದಮೇಲೆ ಹೀಗಾಗುತ್ತಿದೆ. ಅವರು ಬೆಳಗ್ಗೆ ಟ್ಯಾಂಕಿನ ಹತ್ತಿರ ಏನು ಮಾಡುತ್ತಿದ್ದರು?’ ಕೆಳಗೆ ಅರ್ಧ ನಿಮಿಷದ ಆ ಸಹಿ, ಗೌರಮ್ಮ.

ಓದಿದ ತಕ್ಷಣ ನನಗೆ ಅರ್ಥವಾಗಿದ್ದು ಒಂದೇ, ಇವಳು ನನ್ನ ಪಟ್ಟಿಗೇ ಕೈ ಹಾಕುತ್ತಿದ್ದಾಳೆ. ಶ್ಯಾಮಣ್ಣನನ್ನು ತೆಗೆದಿದ್ದು ತಪ್ಪು ಅನ್ನುತ್ತಿದ್ದಾಳೆ, ಅದನ್ನು ಬರೆದು ಹಾಕಿದ್ದಾಳೆ. ಚೀಟಿಯನ್ನು ಪೆಟ್ಟಿಗೆಯೊಳಗೇ ವಾಪಸ್ ಹಾಕಿ ಬೀಗ ಜಡಿದೆ. ಆಪರೇಟರುಗಳು ದಿನಕ್ಕೊಂದು ಪ್ರೆಸ್ಸಿಗೆ ಬದಲಾಗುವುದು ನಮ್ಮಲ್ಲಿ ವಾಡಿಕೆ. ಸೋಮವಾರ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ, ‘ಯಾಕಮ್ಮನಿಗೆ ನಾಲ್ಕನೇ ಪ್ರೆಸ್ ಅಂದ್ರೆ ಬಹಳ ಪ್ರೀತಿ. ಈ ತಿಂಗಳು ಪೂರ್ತಿ ಅದು ಅವಳ್ದೇ. ಉತ್ತರ ಸಿಕ್ಕಿದ್ ದಿನ ನಮ್ಗೂ ಹೇಳ್ಳಿ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹೋಗಿ ನಾಲ್ಕನೇ ಪ್ರೆಸ್ಸಿನ ಮುಂದೆ ಕೂತಳು.

ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಉತ್ತರ ಸಿಕ್ಕಿತು. ಟೀ ಕುಡಿದು ಬಂದು ಕಾಲು ಗಂಟೆಯಾಗಿರಬಹುದು. ಬಟನ್ ಒತ್ತಿದ್ದಳು, ಪ್ರೆಸ್ಸು ಇಳಿದು ಮೇಲೆ ಹೋಗಿತ್ತು, ಪೀಸು ತೆಗೆಯಲು ಬಲಗೈ ಒಳಗೆ ಹಾಕಿದ್ದಳು. ಬಲಗೈಯ ನಾಲ್ಕು ಬೆರಳು, ಹೆಬ್ಬೆರಳಿನ ಮೇಲಿನರ್ಧ. ಅವಳು ಕೂಗಲಿಲ್ಲ. ಐದನೇ ಪ್ರೆಸ್ಸಿನವನು ತಿರುಗಿ ನೋಡುವ ಮೊದಲು ಇನ್ನೂ ಮೂರು ಪೀಸು ಒತ್ತಿದ್ದ.

ಜನ ಅವಳ ಕಡೆ ಓಡಿದರು. ನಾನು ಗೇಟಿನ ಕಡೆ ಓಡಿದೆ. ಸಲಹೆ ಪೆಟ್ಟಿಗೆಯ ಬೀಗ ತೆಗೆದು ಆ ಚೀಟಿಯನ್ನು ಜೇಬಿಗಿಟ್ಟುಕೊಂಡೆ. ಅವಳನ್ನು ಇಎಸ್‌ಐ ಆಸ್ಪತ್ರೆಗೆ ಹೊರಡಿಸಿದ ಮೇಲೆ ಹಿಂದಿನ ಶೆಡ್ಡಿಗೆ ಹೋಗಿ, ಟ್ಯಾಂಕಿನ ತಳದ ನಲ್ಲಿ ಎಲ್ಲಿದೆ ಅಂತ ಬಗ್ಗಿ ಹುಡುಕಿ ತಿರುಗಿಸಿದೆ. ತುಕ್ಕಿನ ಬಣ್ಣದ ನೀರು ಹನ್ನೊಂದು ನಿಮಿಷ ಸುರಿಯಿತು. ನಾನು ವಾಚ್ ನೋಡುತ್ತಾ ನಿಂತಿದ್ದೆ. ಅಲ್ಲಿಗೆ ಐದೂ ಯಾಕೆಗಳಿಗೆ ನನಗೆ ಉತ್ತರ ಸಿಕ್ಕಿತ್ತು. ಕೈ ಯಾಕೆ ಹೋಯಿತು, ಪ್ರೆಸ್ಸು ಎರಡನೇ ಸಲ ಬಂತು. ಯಾಕೆ, ವಾಲ್ವ್ ಅಂಟಿಕೊಂಡಿತ್ತು. ಯಾಕೆ, ನೀರು. ಯಾಕೆ, ನಲ್ಲಿ ಬಿಡುವವರಿರಲಿಲ್ಲ. ಯಾಕೆ, ಅವರ ಹೆಸರನ್ನು ನಾನು ಪಟ್ಟಿಗೆ ಬರೆದೆ.

ಭಾನುಪ್ರಕಾಶ್ ಮೇಲಕ್ಕೆ ಕರೆಸಿದರು. ‘ಪಂಚಾಕ್ಷರಿ, ಸಂಜೆ ಒಳಗೆ ಶೀಟ್ ಕಳಿಸ್ಬೇಕು ಕಣ್ರೀ. ಏನಂತ ಬರೀತೀರಿ?’

‘ಪೀಸ್ ತೆಗೆಯೋಕೆ ಇಕ್ಕಳ ಕೊಟ್ಟಿದೀವಿ ಸಾರ್. ಅವಳು ಬಳಸಲಿಲ್ಲ.’

ಇಕ್ಕಳ ಹಿಡಿದು ತೆಗೆದರೆ ಗಂಟೆಗೆ ನಾನೂರು ಪೀಸು ಆಗುವುದಿಲ್ಲ, ಎಂಟು ಪ್ರೆಸ್ಸಿನಲ್ಲೂ ಇಕ್ಕಳ ಮೊಳೆಗೆ ನೇತಾಡುತ್ತಿರುತ್ತದೆ ಅಂತ ಅವರಿಗೂ ಗೊತ್ತು. ಅವರು ಕೇಳಲಿಲ್ಲ. ನಾನು ಕೂತು, ಐದನೇ ಸಾಲಿನಿಂದ ಶುರು ಮಾಡಿದೆ.

ಶೀಟ್ ಸಂಜೆಗೇ ಹೋಯಿತು, ನಮ್ಮ ಪ್ರತಿಗೆ ಆಪರೇಟರ್ ಸಹಿ ಒಂದು ಬಾಕಿ ಇತ್ತು. ಆರನೇ ದಿನ ಶೀಟ್ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಗೌರಮ್ಮ ಮಂಚದ ಮೇಲೆ ಒರಗಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೂ ಬಿಳಿ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಜ್ಯೋತಿಲಕ್ಷ್ಮಿ ನಿಂತಿದ್ದಳು. ಆ ದುಂಡು ಅಕ್ಷರದ ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು.

ಗೌರಮ್ಮ ನನ್ನನ್ನು ನೋಡಿದವಳೇ ಕೇಳಿದ್ದು ನೋವಿನ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ ಅಲ್ಲ. ‘ಸಾರ್, ಅದ್ಯಾಕೆ ಎಲ್ಡನೇ ಕಿತ ಬಂತು? ನಾನ್ ಬಟನ್ ಮುಟ್ಟಿರ್ನಿಲ್ಲ.’

ನಾನು ಶೀಟನ್ನು ಮಂಚದ ಮೇಲಿಟ್ಟೆ. ಮಗಳು ತೆಗೆದು ಓದಿದಳು. ಒಂದೊಂದೇ ಸಾಲು ಓದಿ ಐದನೆಯದಕ್ಕೆ ಬಂದು ನಿಂತಳು. ‘ಇದರಲ್ಲಿ ಅಮ್ಮಂದೇ ತಪ್ಪು ಅಂತ ಇದೆಯಲ್ಲ ಸಾರ್. ಅಮ್ಮ ಮೊದ್ಲೇ ಹೇಳಿದ್ರಲ್ಲ. ನಾನೇ ಚೀಟಿ ಬರ್ದುಕೊಟ್ಟಿದ್ದೆ.’

‘ಯಾವ ಚೀಟಿ?’ ಅಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. ನಾನೂ ಅವಳ ಮುಖವನ್ನೇ ನೋಡಿದೆ. ನೋಡುವುದರಲ್ಲಿ ನಾನು ಸೋಲುವವನಲ್ಲ. ಆಮೇಲೆ ತಾಯಿಯ ಕಡೆ ತಿರುಗಿ, ಮಾಲೀಕರು ದೊಡ್ಡ ಮನಸ್ಸು ಮಾಡಿದ್ದಾರೆ, ಮಗಳಿಗೆ ಮುಂದಿನ ತಿಂಗಳು ಹದಿನೆಂಟು ತುಂಬುತ್ತಲ್ಲ, ಅವಳನ್ನು ನಿನ್ನ ಜಾಗಕ್ಕೆ ತೆಗೆದುಕೊಳ್ಳುತ್ತಾರೆ, ಇದೊಂದು ಸಹಿ ಆಗಬೇಕು ಅಷ್ಟೇ ಅಂದೆ. ಸಹಿ ಇಲ್ಲದಿದ್ದರೆ ಕೆಲಸ ಇಲ್ಲ ಅನ್ನುವುದನ್ನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

‘ಆಕ್ತೀನಿ ಸಾರ್’ ಅಂದಳು ಗೌರಮ್ಮ. ‘ಆದ್ರೆ ಯಾಕೆ ಬಂತು ಅಂತ ಒಂದ್ ಮಾತ್ ಯೇಳ್ಬುಡಿ. ಬರೀಬ್ಯಾಡಿ. ಯಾರ್ ಮುಂದ್ಲೂ ನಾನು ಅನ್ನಾಕಿಲ್ಲ. ನನ್ಗೊಬ್ಳಿಗೆ ಯೇಳಿ. ರಾತ್ರಿಯೆಲ್ಲ ಅದೇ ತಲೇಲಿ ಕೊರೀತದೆ.’

ಒಂದು ವಾಕ್ಯ. ಟ್ಯಾಂಕಿನಲ್ಲಿ ನೀರಿತ್ತು ಗೌರಮ್ಮ, ನೀನು ಹೇಳಿದ್ದು ಸರಿ. ಇಷ್ಟು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆ ಹೆಂಗಸು ಮಾತಿಗೆ ತಪ್ಪುವವಳಲ್ಲ ಅಂತಲೂ ಗೊತ್ತಿತ್ತು. ಆದರೆ ಅವಳು ಸರಿ ಅಂತ ಅವಳ ಮುಖಕ್ಕೆ ಹೇಳುವುದು ನನ್ನಿಂದ ಆಗಲಿಲ್ಲ. ಭಯ ಅಂತ ಸುಳ್ಳು ಹೇಳುವುದಿಲ್ಲ, ಅದು ಬರೀ ಹೊಟ್ಟೆಕಿಚ್ಚು. ಒಂದು ಕೈ ಇಲ್ಲದೆ ಕೂತವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

‘ಗೊತ್ತಿಲ್ಲ ಗೌರಮ್ಮ. ಒಂದೊಂದ್ಸಲ ಹಾಗಾಗ್ಬಿಡುತ್ತೆ’ ಅಂದೆ.

ಅವಳು ತಲೆಯಾಡಿಸಿದಳು. ಸಹಿ ಹಾಕುವ ಕೈ ಇರಲಿಲ್ಲ. ನಾನು ಇಂಕ್ ಪ್ಯಾಡ್ ತಂದಿದ್ದೆ, ಅಷ್ಟು ಮುಂದಾಲೋಚನೆ ನನಗಿದೆ. ಎಡಗೈ ಹೆಬ್ಬೆಟ್ಟನ್ನು ಮಗಳೇ ಹಿಡಿದು ಒತ್ತಿಸಿದಳು. ನಾನು ಶೀಟ್ ಮಡಚಿಕೊಳ್ಳುತ್ತಿದ್ದಾಗ ತಾಯಿ ಮಗಳಿಗೆ, ‘ನೀನು ಅಲ್ಲೋಗಿ ಏನೂ ಕೇಳ್ಬ್ಯಾಡ ಕಣವ್ವ’ ಅಂದಳು. ನನಗೆ ಕೇಳಿಸಲಿ ಅಂತ ಅಂದಿದ್ದಲ್ಲ ಅದು.

ಮಾರನೆಯ ದಿನದಿಂದ ನಾನು ಬೆಳಗ್ಗೆ ಏಳೂವರೆಗೆ ಕಾರ್ಖಾನೆಗೆ ಹೋಗತೊಡಗಿದೆ. ವಿಭೂತಿ ಹಚ್ಚಿಕೊಂಡು, ತಿಂಡಿ ತಿನ್ನದೆ. ಹೆಂಡತಿ ಕೇಳಿದಳು, ವಾಕಿಂಗ್ ಅಂದೆ. ಯಾರೂ ಬರುವ ಮೊದಲು ಶೆಡ್ಡಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ನಿಲ್ಲುವವರೆಗೆ ಬಗ್ಗಿ ನಿಂತು, ನೆಲ ಒರೆಸಿ ಬರುತ್ತಿದ್ದೆ. ಹೊಸ ವಾಲ್ವ್ ತರಿಸಬಹುದಿತ್ತು. ತರಿಸಿದರೆ ಬಿಲ್ಲಿನ ಮೇಲೆ ತಾರೀಕು ಬರುತ್ತದೆ, ಈಗ ಯಾಕೆ ಅಂತ ಯಾರಾದರೂ ಕೇಳಬಹುದು. ಅದಕ್ಕೆ ನಲ್ಲಿಯೇ ವಾಸಿ ಅನ್ನಿಸಿತು. ಜ್ಯೋತಿಲಕ್ಷ್ಮಿ ಕೆಲಸಕ್ಕೆ ಸೇರಿ, ತಾಯಿಯ ಜಾಗ ಅಂದಿದ್ದಕ್ಕೆ ಸರಿಯಾಗಿ, ನಾಲ್ಕನೇ ಪ್ರೆಸ್ಸಿಗೇ ಖಾಯಂ ಆಗಿ ಕೂತಳು. ಪ್ರೆಸ್ಸು ಸೀನುವುದು ನಿಂತಿತ್ತು. ಅವಳು ತಲೆ ತಗ್ಗಿಸಿ ಬರುತ್ತಿದ್ದಳು, ತಲೆ ತಗ್ಗಿಸಿ ಹೋಗುತ್ತಿದ್ದಳು. ಏಳು ತಿಂಗಳಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ.

ಆ ಮಧ್ಯೆ ಒಂದು ಇಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದರು. ವಿಷಯ, ‘ಪ್ರಶ್ನಿಸುವ ಮನೋಭಾವ’. ಮುನ್ನೂರು ಮಕ್ಕಳ ಮುಂದೆ ನಿಂತು, ಯಾಕೆ ಅಂತ ಕೇಳುವುದನ್ನು ಯಾವತ್ತೂ ಬಿಡಬೇಡಿ ಅಂದೆ. ಉದಾಹರಣೆಗೆ ಗೌರಮ್ಮನ ಶೀಟನ್ನೇ ಪರದೆ ಮೇಲೆ ತೋರಿಸಿದೆ, ಹೆಸರು ಅಳಿಸಿ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ‘ಸಾರ್, ಇಕ್ಕಳ ಬಳಸಲಿಲ್ಲ ಸರಿ, ಆದ್ರೆ ಪ್ರೆಸ್ ಎರಡನೇ ಸಲ ಯಾಕೆ ಬಂತು?’ ಅಂದಳು. ‘ಒಳ್ಳೇ ಪ್ರಶ್ನೆ’ ಅಂದೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಹಣ್ಣಿನ ಬುಟ್ಟಿ ತಂದರು.

ಮಾರ್ಚ್‌ನಲ್ಲಿ ಭಾನುಪ್ರಕಾಶ್ ಅತ್ತಿಬೆಲೆಯಲ್ಲಿ ಹೊಸ ಘಟಕ ತೆರೆದು ನನ್ನನ್ನು ಅಲ್ಲಿಗೆ ದೊಡ್ಡ ಮ್ಯಾನೇಜರ್ ಮಾಡಿ ಕಳಿಸಿದರು. ಹೊರಡುವ ದಿನ ಪೀಣ್ಯದ ಸೂಪರ್‌ವೈಸರ್ ಲಕ್ಷ್ಮಣಪ್ಪನನ್ನು ಕರೆದು, ‘ದಿನಾ ಬೆಳಗ್ಗೆ ಆ ಟ್ಯಾಂಕಿನ ತಳದ ನಲ್ಲಿ ಬಿಡಿಸು’ ಅಂದೆ.

‘ಆಯ್ತು ಸಾರ್’ ಅಂದ.

ಯಾಕೆ ಅಂತ ಕೇಳಲಿಲ್ಲ. ಕೇಳುತ್ತಾನೇನೋ ಅಂತ ಎರಡು ನಿಮಿಷ ಅಲ್ಲೇ ನಿಂತಿದ್ದೆ. ಹನ್ನೆರಡು ವರ್ಷ ನಾನೇ ತಿದ್ದಿ ತಯಾರು ಮಾಡಿದ ಆಳು, ಎಲ್ಲಿ ಕೇಳುತ್ತಾನೆ? ಸಮಾಧಾನದಿಂದ ಅತ್ತಿಬೆಲೆಗೆ ಹೋದೆ.

ಜುಲೈ ಕೊನೆಗೆ ಕಸ್ಟಮರ್ ಕಂಪನಿಯಿಂದ ಆಡಿಟರ್ ಬಂದ. ಪೀಣ್ಯದ ಘಟಕ ತೋರಿಸಲು ನೀವೇ ಬರಬೇಕು ಅಂತ ಭಾನುಪ್ರಕಾಶ್ ಹೇಳಿಕಳಿಸಿದರು. ಮಳೆ ಜಿನುಗುತ್ತಿತ್ತು. ಆಡಿಟರ್ ಮೂವತ್ತು ದಾಟದ ಹುಡುಗ, ಕೈಯಲ್ಲಿ ಸ್ಟಾಪ್‌ವಾಚು. ಮೊದಲು ಹಿಂದಿನ ಶೆಡ್ಡಿಗೇ ಹೋದೆವು. ನೆಲಕ್ಕೆಲ್ಲ ಹೊಸ ಹಸಿರು ಬಣ್ಣ, ಅಂಚಿಗೆ ಹಳದಿ ಪಟ್ಟಿ. ನನ್ನ ಕಣ್ಣು ನೆಟ್ಟಗೆ ಟ್ಯಾಂಕಿನ ತಳಕ್ಕೆ ಹೋಯಿತು. ನಲ್ಲಿ ಇರಲಿಲ್ಲ. ಅದಿದ್ದ ಕಡೆ ಕಬ್ಬಿಣದ ಬಿರಡೆ ಜಡಿದು ಮುಚ್ಚಿದ್ದರು.

‘ನೀರು ಬಿದ್ದು ನೆಲ ಗಲೀಜಾಗ್ತಿತ್ತು ಸಾರ್’ ಅಂತ ಲಕ್ಷ್ಮಣಪ್ಪ ಹೆಮ್ಮೆಯಿಂದ ಹೇಳಿದ. ‘ಆಡಿಟ್ ಅಂತ ಹೋದ್ ತಿಂಗ್ಳೇ ಮುಚ್ಚಿಸ್ಬಿಟ್ಟೆ.’

ಆಡಿಟರ್ ವೆರಿ ಗುಡ್ ಅಂದ. ಭಾನುಪ್ರಕಾಶ್ ಪಕ್ಕದಲ್ಲೇ ಇದ್ದರು.

ಪ್ರೆಸ್ಸುಗಳ ಕಡೆ ಬಂದೆವು. ಎರಡು, ಮೂರು, ನಾಲ್ಕು. ಜ್ಯೋತಿಲಕ್ಷ್ಮಿ ಎರಡೂ ಬಟನ್ ಒತ್ತಿದಳು. ಪ್ರೆಸ್ಸು ಇಳಿಯಿತು, ಏರಿತು, ಪುಸ್ ಅಂತು, ಇನ್ನೊಂದು ಸಲ ಪುಸ್ ಅಂತು, ಮೇಲೆ ನಿಂತು ಅಲ್ಲಾಡಿತು. ಆ ಸದ್ದಿನಲ್ಲಿ ಅದು ನನ್ನನ್ನು ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಇಲ್ಲ, ಇನ್ನೊಬ್ಬಳಿಗೆ ಕೇಳಿಸಿತ್ತು. ಹುಡುಗಿ ಕೈ ಹಾಕಲಿಲ್ಲ. ತುಟಿ ಅಲ್ಲಾಡಿಸುತ್ತಾ ಒಂದು, ಎರಡು, ಮೂರು ಎಣಿಸಿ, ಪ್ರೆಸ್ಸು ಪೂರ್ತಿ ನಿಂತಿತು ಅಂತ ಖಾತ್ರಿಯಾದ ಮೇಲೆ ಪೀಸು ತೆಗೆದಳು. ಮತ್ತೆ ಒತ್ತಿದಳು, ಮತ್ತೆ ಎಣಿಸಿದಳು. ಕೇಳಬೇಡ ಅಂದ ತಾಯಿ ಎಣಿಸು ಅಂತಲೂ ಹೇಳಿಕೊಟ್ಟಿದ್ದಳು. ಆ ಎಣಿಕೆಯೊಂದೇ ಆ ಕೈಯನ್ನು ಇಲ್ಲಿಯವರೆಗೆ ಉಳಿಸಿತ್ತು.

ಆಡಿಟರ್ ಸ್ಟಾಪ್‌ವಾಚ್ ಒತ್ತಿದ. ನಾಲ್ಕು ಪೀಸು ನೋಡಿದ. ಹುಬ್ಬು ಗಂಟಿಕ್ಕಿದ.

‘ಬೇರೆ ಎಲ್ರೂ ಒಂಬತ್ತು ಸೆಕೆಂಡು, ಇವ್ರು ಹನ್ನೆರಡು. ಯಾಕಮ್ಮ ಇಷ್ಟು ನಿಧಾನ?’

ಅವತ್ತು ಆ ಕಾರ್ಖಾನೆಯಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಯಾಕೆ ಅದು. ಹುಡುಗಿ ತಲೆ ಎತ್ತಿದಳು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿದೆ ಅಂತಲೂ ಗೊತ್ತಿತ್ತು. ನಾನು ಹೇಳುತ್ತೇನೇನೋ ಅಂತ ಕಾದಳು. ಪ್ರೆಸ್ ನಿಲ್ಲಿಸಿ ಅನ್ನಬಹುದಿತ್ತು. ಅಂದ ತಕ್ಷಣ ಭಾನುಪ್ರಕಾಶ್ ಯಾಕೆ ಅನ್ನುತ್ತಾರೆ. ಆ ಯಾಕೆಗೆ ಉತ್ತರ ಕೊಟ್ಟರೆ ಇನ್ನೊಂದು. ಐದನೆಯದಕ್ಕೆ ನನ್ನ ಹೆಸರು.

‘ಹೊಸಬಳು ಸಾರ್’ ಅಂದೆ. ‘ಸರಿ ಹೋಗ್ತಾಳೆ. ಬೇಗ ಬೇಗ ಮಾಡಮ್ಮ, ಎಣಿಸ್ಕೊಂಡು ಕೂತ್ಕೋಬೇಡ.’

‘ಏನಾದ್ರೂ ತೊಂದ್ರೆ ಇದ್ರೆ ಕೇಳಿ’ ಅಂತ ಆಡಿಟರ್ ಅವಳಿಗೆ ಹೇಳಿದ, ಒಳ್ಳೆಯ ಹುಡುಗ.

‘ಏನಿಲ್ಲ ಸಾರ್’ ಅಂದಳು ಜ್ಯೋತಿಲಕ್ಷ್ಮಿ.

ಬಟನ್ ಒತ್ತಿದಳು. ಪ್ರೆಸ್ಸು ಇಳಿದು, ಏರಿ, ಸೀನಿತು. ಅವಳ ತುಟಿ ಅಲ್ಲಾಡಲಿಲ್ಲ. ನೇರ ಕೈ ಹಾಕಿ ಪೀಸು ತೆಗೆದಳು. ಆಡಿಟರ್ ವಾಚ್ ನೋಡಿ ಒಂಬತ್ತು ಅಂತ ಬರೆದುಕೊಂಡ. ನಾವು ಐದನೇ ಪ್ರೆಸ್ಸಿಗೆ ಹೋದೆವು.